ಹಳೆಯ ವಿಮಾನ ಹಾರುವಾಗ ಫೋಟೊ ತೆಗೆಯುವ ಬಗೆ

ಯಲಹಂಕದ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಏರೋ ಇಂಡಿಯಾ ಪ್ರದರ್ಶನಕ್ಕೆ ಕ್ಯಾಮೆರಾ ಹಿಡಿದು ಹೋಗುವವರಲ್ಲಿ ಹೆಚ್ಚಿನವರು ಜೆಟ್ ವಿಮಾನಗಳಿಗೆ ಸಿದ್ಧವಾಗಿ ಹೋಗಿರುತ್ತಾರೆ. ಸುಖೋಯ್, ತೇಜಸ್, ರಫೇಲ್ ಮುಂತಾದವು ಕಣ್ಣು ಮಿಟುಕಿಸುವಷ್ಟರಲ್ಲಿ ಹಾದುಹೋಗುವುದರಿಂದ ಶಟರ್ ವೇಗವನ್ನು, ಅಂದರೆ ಬೆಳಕು ಒಳಬರಲು ಶಟರ್ ತೆರೆದಿರುವ ಹೊತ್ತನ್ನು, 1/2000 ಸೆಕೆಂಡಿಗೆ ಇಟ್ಟುಕೊಳ್ಳುವುದು ವಾಡಿಕೆ, ಮತ್ತು ಅವುಗಳ ಮಟ್ಟಿಗೆ ಅದು ಸರಿಯೂ ಹೌದು. ನಾನೂ ಹಾಗೆಯೇ ಮಾಡಿದ್ದೆ. ಎರಡು ಪ್ರೊಪೆಲ್ಲರ್‌ಗಳ ಹಳೆಯ ಸಾಗಣೆ ವಿಮಾನವಾದ ಡಕೋಟಾ ಹಾರುವುದನ್ನು ಮೊದಲ ಸಲ ಕಂಡ ದಿನ ಅದೇ ವೇಗದಲ್ಲಿ ನಲವತ್ತು ಚಿತ್ರ ತೆಗೆದು ಮನೆಗೆ ಬಂದು ನೋಡಿದರೆ, ರೆಕ್ಕೆಯ ಮೊಳೆಗಳನ್ನು ಎಣಿಸಬಹುದಾದಷ್ಟು ಸ್ಪಷ್ಟವಾಗಿದ್ದ ಆ ಚಿತ್ರಗಳಲ್ಲಿ ಎರಡೂ ಪ್ರೊಪೆಲ್ಲರ್‌ಗಳು ಕಲ್ಲಿನಂತೆ ನಿಂತುಬಿಟ್ಟಿದ್ದವು. ಎಂಜಿನ್ ಕೆಟ್ಟು ಇನ್ನೇನು ಬೀಳಲಿರುವ ವಿಮಾನದಂತೆ ಅದು ಕಾಣುತ್ತಿತ್ತು. ಹಳೆಯ ವಿಮಾನದ ಫೋಟೊ ತೆಗೆಯುವವರು ಕಲಿಯಬೇಕಾದ ಮೊದಲ ವಿಷಯ ಇದೇ: ಪ್ರೊಪೆಲ್ಲರ್ ತಿರುಗುತ್ತಿರುವಂತೆ ಕಾಣಬೇಕು, ವಿಮಾನ ಮಾತ್ರ ನಿಚ್ಚಳವಾಗಿರಬೇಕು. ಇಲ್ಲಿ ಹೇಳುವ ಉಳಿದೆಲ್ಲ ಸಂಗತಿಗಳು ಈ ಒಂದು ಬೇಡಿಕೆಯಿಂದ ಹುಟ್ಟುತ್ತವೆ.

ಎಷ್ಟು ನಿಧಾನದ ಶಟರ್ ಬೇಕು ಎಂಬುದನ್ನು ಅಂದಾಜಿನ ಮೇಲೆ ಬಿಡದೆ ಒಮ್ಮೆ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಡಕೋಟಾದ ಟ್ವಿನ್ ವಾಸ್ಪ್ ಎಂಜಿನ್ ಸಾಧಾರಣ ಹಾರಾಟದಲ್ಲಿ ನಿಮಿಷಕ್ಕೆ ಸುಮಾರು 2,050 ಸುತ್ತು ತಿರುಗುತ್ತದೆ. ಆದರೆ ಎಂಜಿನ್‌ಗೂ ಪ್ರೊಪೆಲ್ಲರ್‌ಗೂ ನಡುವೆ 16:9 ಅನುಪಾತದ ಗಿಯರ್ ಇರುವುದರಿಂದ ಪ್ರೊಪೆಲ್ಲರ್ ತಿರುಗುವುದು ನಿಮಿಷಕ್ಕೆ ಸುಮಾರು 1,150 ಸುತ್ತು ಮಾತ್ರ. ಅಂದರೆ 1/2000 ಸೆಕೆಂಡಿನಲ್ಲಿ ಅದರ ಅಲಗು ನಾಲ್ಕು ಡಿಗ್ರಿಯಷ್ಟೂ ಸರಿಯುವುದಿಲ್ಲ. 1/500ರಲ್ಲಿ 14 ಡಿಗ್ರಿ, 1/250ರಲ್ಲಿ 28 ಡಿಗ್ರಿ, 1/125ರಲ್ಲಿ 55 ಡಿಗ್ರಿ ಸರಿಯುತ್ತದೆ. ಮೂರು ಅಲಗುಗಳ ನಡುವಿನ ಅಂತರ ತಲಾ 120 ಡಿಗ್ರಿ ಆದ್ದರಿಂದ ಅವು ಒಂದರೊಳಗೊಂದು ಬೆರೆತು ಪೂರ್ತಿ ತಟ್ಟೆಯಂತೆ ಕಾಣಬೇಕಾದರೆ 1/60 ಸೆಕೆಂಡಿನ ಆಸುಪಾಸಿಗೆ ಇಳಿಯಬೇಕು. ಪೂರ್ತಿ ತಟ್ಟೆಯೇ ಬೇಕೆಂಬ ಹಟ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. 1/125ರಲ್ಲಿ ಅಲಗುಗಳು ಬೀಸಣಿಗೆಯಂತೆ ಹರಡಿಕೊಂಡು, ತುದಿಯ ಹಳದಿ ಬಣ್ಣ ಕಮಾನಾಗಿ ಉಳಿದಾಗ ಸಿಗುವ ಚಿತ್ರ ಕಣ್ಣಿಗೆ ಹೆಚ್ಚು ಹಿತ.

ಒಂದರ ಮೇಲೊಂದು ಎರಡು ಜೊತೆ ರೆಕ್ಕೆಗಳಿರುವ ಹಳೆಯ ತರಬೇತಿ ವಿಮಾನ ಟೈಗರ್ ಮಾತ್‌ನ ಲೆಕ್ಕ ಬೇರೆ. ಅದರ ಜಿಪ್ಸಿ ಮೇಜರ್ ಎಂಜಿನ್‌ಗೆ ಗಿಯರ್ ಇಲ್ಲ. ಮರದ ಪ್ರೊಪೆಲ್ಲರ್ ನೇರವಾಗಿ ಎಂಜಿನ್‌ಗೆ ಜೋಡಣೆಯಾಗಿದ್ದು ನಿಮಿಷಕ್ಕೆ 2,000 ಸುತ್ತಿನ ಸಮೀಪ ತಿರುಗುವುದರಿಂದ 1/250ರಲ್ಲಿಯೂ ಅಲಗು 48 ಡಿಗ್ರಿ ಸರಿದಿರುತ್ತದೆ. ಹೊಸಬರು ಇಂಥ ವಿಮಾನದಿಂದ ಆರಂಭಿಸಿದರೆ ಕೈ ಬೇಗ ಪಳಗುತ್ತದೆ. ಆದರೆ ಯಾವುದೇ ವಿಮಾನವಾಗಲಿ, ಇಳಿಯಲು ಬರುವಾಗ ಪೈಲಟ್ ಎಂಜಿನ್‌ನ ಶಕ್ತಿಯನ್ನು ತಗ್ಗಿಸುತ್ತಾರೆ. ಆಗ ಪ್ರೊಪೆಲ್ಲರ್ ನಿಧಾನವಾದರೆ ನಿಮ್ಮ ಶಟರ್ ಕೂಡ ಇನ್ನೊಂದು ಹೆಜ್ಜೆ ಇಳಿಯಬೇಕು. ಎಚ್‌ಎಎಲ್‌ನ ಕಿರಣ್‌ನಂಥ ಹಳೆಯ ಜೆಟ್‌ಗಳಿಗೆ ಈ ಯಾವ ಕಟ್ಟಳೆಯೂ ಇಲ್ಲ, ಅವುಗಳಿಗೆ 1/1000 ಅಥವಾ ಅದಕ್ಕಿಂತ ಹೆಚ್ಚಿನ ವೇಗವೇ ಸರಿ.

ನಿಧಾನದ ಶಟರ್ ತಂದೊಡ್ಡುವ ಮೊದಲ ಕಷ್ಟ ಬೆಳಕಿನದು. ಪ್ರದರ್ಶನ ನಡೆಯುವ ಫೆಬ್ರುವರಿಯಲ್ಲಿ ಬೆಂಗಳೂರಿನ ನಡುಹಗಲಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 100 ಇಟ್ಟು 1/100 ಸೆಕೆಂಡಿಗೆ ಬಂದರೆ ದ್ಯುತಿರಂಧ್ರ ಎಫ್/16ರವರೆಗೆ ಮುಚ್ಚಿಕೊಳ್ಳಬೇಕಾಗುತ್ತದೆ. ಅಷ್ಟು ಮುಚ್ಚಿದಾಗ ಚಿತ್ರದ ಮೊನಚು ಕುಂದುವುದಲ್ಲದೆ, ಸೆನ್ಸರ್ ಮೇಲೆ ಕುಳಿತ ಒಂದೊಂದು ಧೂಳಿನ ಕಣವೂ ಬರಿಯ ಆಕಾಶದ ಮೇಲೆ ಕಪ್ಪು ಚುಕ್ಕೆಯಾಗಿ ಮೂಡುತ್ತದೆ. ಇದಕ್ಕೆ ಪರಿಹಾರವೆಂದರೆ ಎರಡು ಸ್ಟಾಪ್‌ನಷ್ಟು ಬೆಳಕು ತಡೆಯುವ ಎನ್‌ಡಿ ಫಿಲ್ಟರ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು ಇಲ್ಲವೇ ಎರಡರಷ್ಟಾಗುವುದು). ಅದನ್ನು ಹಾಕಿದರೆ ಎಫ್/8ರಲ್ಲಿ ಕೆಲಸ ಮಾಡಬಹುದು. ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಕೂಡ ಬೆಳಕು ತಗ್ಗಿಸುತ್ತದೆಯಾದರೂ, ತಿರುಗುವ ವಿಮಾನದೊಂದಿಗೆ ಕ್ಯಾಮೆರಾದ ದಿಕ್ಕೂ ಬದಲಾಗುತ್ತಾ ಹೋಗುವುದರಿಂದ ಆಕಾಶದ ಬಣ್ಣ ಒಂದು ಚಿತ್ರಕ್ಕೊಂದು ಬಗೆಯಾಗುತ್ತದೆ. ಪ್ರದರ್ಶನಕ್ಕೆ ಹೋಗುವ ಹಿಂದಿನ ದಿನ ಸೆನ್ಸರ್ ಸ್ವಚ್ಛ ಮಾಡಿಸಿಕೊಳ್ಳುವುದನ್ನು ಮಾತ್ರ ಮರೆಯಬಾರದು.

ಕ್ಯಾಮೆರಾವನ್ನು ಶಟರ್ ಆದ್ಯತೆಯಲ್ಲಿಟ್ಟು (ಶಟರ್ ವೇಗವನ್ನು ನೀವು ಆರಿಸಿದರೆ ದ್ಯುತಿರಂಧ್ರವನ್ನು ಕ್ಯಾಮೆರಾ ಹೊಂದಿಸಿಕೊಳ್ಳುವ ವಿಧಾನ), ಫೋಕಸ್ ಎಡೆಬಿಡದೆ ಹಿಂಬಾಲಿಸುವ ವಿಧಾನವನ್ನು ಆರಿಸಿ, ಲೆನ್ಸ್‌ನ ಕಂಪನ ನಿಯಂತ್ರಣದಲ್ಲಿ ಅಡ್ಡ ಚಲನೆಗೆಂದೇ ಇರುವ ಎರಡನೆಯ ವಿಧಾನವಿದ್ದರೆ ಅದಕ್ಕೆ ಬದಲಿಸಿಕೊಳ್ಳಿ. ನಮ್ಮಲ್ಲಿ ಆ ತಿಂಗಳ ಆಕಾಶ ನೀಲಿಯಾಗಿರುವುದಕ್ಕಿಂತ ಮಬ್ಬು ಬಿಳಿಯಾಗಿರುವುದೇ ಹೆಚ್ಚು. ಆ ಬಿಳುಪನ್ನು ಕಂಡು ಕ್ಯಾಮೆರಾ ಮೋಸಹೋಗಿ ವಿಮಾನವನ್ನು ಕಪ್ಪಾಗಿಸುವುದರಿಂದ ಬೆಳಕಿನ ತಿದ್ದುಪಡಿಯನ್ನು ಒಂದು ಅಥವಾ ಒಂದೂವರೆ ಸ್ಟಾಪ್‌ನಷ್ಟು ಏರಿಸಿಕೊಂಡಿರಬೇಕು. ಹಿನ್ನೆಲೆಯಲ್ಲಿ ಮರಗಳ ಸಾಲು ಬಂದ ಕೂಡಲೇ ಅದನ್ನು ಮತ್ತೆ ಇಳಿಸಬೇಕಾಗುತ್ತದೆ, ಆದ್ದರಿಂದ ಆ ಗುಂಡಿ ಎಲ್ಲಿದೆ ಎಂಬುದು ಬೆರಳಿಗೆ ನೋಡದೆಯೇ ಗೊತ್ತಿರಬೇಕು.

ಎರಡನೆಯ ಕಷ್ಟ ದೊಡ್ಡದು, ಮತ್ತು ಅದನ್ನು ಯಾವ ಉಪಕರಣವೂ ನೀಗಿಸುವುದಿಲ್ಲ. ಗಂಟೆಗೆ 250 ಕಿ.ಮೀ. ವೇಗದಲ್ಲಿ ಹಾರುವ ಡಕೋಟಾ ಒಂದು ಸೆಕೆಂಡಿಗೆ ಸುಮಾರು 70 ಮೀಟರ್ ಸಾಗುತ್ತದೆ, ಅಂದರೆ ಶಟರ್ 1/125 ಸೆಕೆಂಡು ತೆರೆದಿರುವಷ್ಟರಲ್ಲಿ ಅರ್ಧ ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಕ್ಯಾಮೆರಾ ಅದೇ ವೇಗದಲ್ಲಿ ಅದರೊಂದಿಗೆ ತಿರುಗಿದರೆ ಮಾತ್ರ ವಿಮಾನ ನಿಚ್ಚಳವಾಗುತ್ತದೆ. ನಿಲ್ಲುವ ಭಂಗಿಯನ್ನು ಹೀಗೆ ಅಭ್ಯಾಸ ಮಾಡಿಕೊಳ್ಳಿ: ವಿಮಾನ ಬರುವ ದಿಕ್ಕಿಗೆ ಪಾದಗಳನ್ನು ಇಡಬೇಡಿ, ಎಲ್ಲಿ ಚಿತ್ರ ತೆಗೆಯಬೇಕೆಂದಿದ್ದೀರೋ ಆ ದಿಕ್ಕಿಗೆ ಪಾದಗಳನ್ನು ಊರಿ, ಸೊಂಟದಿಂದ ಮೇಲಿನ ದೇಹವನ್ನಷ್ಟೇ ವಿಮಾನದ ಕಡೆಗೆ ತಿರುಗಿಸಿ. ಎರಡೂ ಮೊಣಕೈಗಳು ಪಕ್ಕೆಗೆ ಒತ್ತಿರಲಿ. ವಿಮಾನ ಹತ್ತಿರವಾದಂತೆ ದೇಹದ ತಿರುಚು ತಾನಾಗಿ ಬಿಚ್ಚಿಕೊಳ್ಳುತ್ತಾ ಹೋಗಿ, ಪಾದದ ನೇರಕ್ಕೆ ಬರುವ ಹೊತ್ತಿಗೆ ಮೈ ಎಲ್ಲಕ್ಕಿಂತ ಸಡಿಲವಾಗಿರುತ್ತದೆ, ಅಲುಗಾಟವೂ ಆಗ ಅತಿ ಕಡಿಮೆ. ಗುಂಡಿ ಒತ್ತಿದ ಮೇಲೂ ಕ್ಯಾಮೆರಾ ನಿಲ್ಲಿಸದೆ ಇನ್ನಷ್ಟು ದೂರ ವಿಮಾನವನ್ನು ಬೆನ್ನಟ್ಟಬೇಕು. ಫೋಕಸ್ ಬಿಂದುವನ್ನು ಕಾಕ್‌ಪಿಟ್ ಮೇಲೋ, ಮೈಮೇಲಿನ ವೃತ್ತಾಕಾರದ ಲಾಂಛನದ ಮೇಲೋ ಇಟ್ಟು ಅದು ಅಲ್ಲಿಂದ ಜಾರದಂತೆ ನೋಡಿಕೊಳ್ಳುವುದೇ ಕಣ್ಣಿನ ಕೆಲಸ.

ಇದನ್ನು ಕಲಿಯಲು ವಿಮಾನಕ್ಕಾಗಿ ಕಾಯಬೇಕಾಗಿಲ್ಲ. ಐನೂರು ಮೀಟರ್ ದೂರದಲ್ಲಿ 250 ಕಿ.ಮೀ. ವೇಗದಿಂದ ಹಾರುವ ಡಕೋಟಾವನ್ನು ಹಿಂಬಾಲಿಸಲು ಕ್ಯಾಮೆರಾ ಎಷ್ಟು ಚುರುಕಾಗಿ ತಿರುಗಬೇಕೋ, ಎಂಬತ್ತು ಮೀಟರ್ ದೂರದಲ್ಲಿ 40 ಕಿ.ಮೀ. ವೇಗದಿಂದ ಸಾಗುವ ಬಿಎಂಟಿಸಿ ಬಸ್ಸಿಗೂ ಅಷ್ಟೇ ಚುರುಕಾಗಿ ತಿರುಗಬೇಕು. ಭಾನುವಾರ ಬೆಳಿಗ್ಗೆ ಬಸ್ಸುಗಳು ಆ ವೇಗದಲ್ಲಿ ಓಡಬಲ್ಲ ರಸ್ತೆಯೊಂದನ್ನು ಹುಡುಕಿ, ಮೈದಾನದ ಅಥವಾ ಕೆರೆಯ ಈಚೆಯಿಂದ ಒಂದು ಗಂಟೆ ನಿಂತು ನೋಡಿ. ಮೊದಲು 1/250, ಅದು ಕೈಗೆ ಹತ್ತಿದ ಮೇಲೆ 1/125, ಆಮೇಲೆ 1/60. ಬಸ್ಸಿನ ಪಕ್ಕದಲ್ಲಿ ಬರೆದ ಅಕ್ಷರಗಳು ಸಲೀಸಾಗಿ ಓದಲು ಬಂದು, ಹಿಂದಿನ ಅಂಗಡಿ ಮುಂಗಟ್ಟುಗಳು ಗೆರೆಗಳಾಗಿ ಕರಗಿದ್ದರೆ ಕೈ ಕುದುರಿದೆ ಎಂದರ್ಥ. ಆಕಾಶದಲ್ಲಿ ಅಭ್ಯಾಸ ಬೇಕೆನ್ನುವವರಿಗೆ ನಮ್ಮೂರಿನ ಹದ್ದುಗಳಿವೆ. ಮಾಂಸದಂಗಡಿಗಳ ಮೇಲೆ ಅವು ನಿಧಾನವಾಗಿ ಸುತ್ತುವುದು ವಿಮಾನ ತಿರುವು ತೆಗೆದುಕೊಳ್ಳುವುದಕ್ಕೆ ಬಹಳ ಹತ್ತಿರ. ಆದರೆ ಪ್ರದರ್ಶನದ ದಿನಗಳಲ್ಲಿ ಯಲಹಂಕದ ಸುತ್ತ ಅವನ್ನು ಹುಡುಕಬೇಡಿ. ಹಕ್ಕಿಗಳು ವಿಮಾನಕ್ಕೆ ಬಡಿಯದಿರಲೆಂದು ಆ ದಿನಗಳಲ್ಲಿ ಮಾಂಸ ಮಾರಾಟವನ್ನು ನಿಷೇಧಿಸುತ್ತಾರೆ. 2025ರಲ್ಲಿ ವಾಯುನೆಲೆಯ ಸುತ್ತ 13 ಕಿ.ಮೀ. ವ್ಯಾಪ್ತಿಗೆ ಈ ನಿಷೇಧವಿತ್ತು.

ಲೆನ್ಸ್ ವಿಷಯದಲ್ಲಿ ಒಂದು ಸಣ್ಣ ಲೆಕ್ಕ ಸಾಕು. 400 ಮಿ.ಮೀ. ಲೆನ್ಸ್ ಪೂರ್ಣ ಅಳತೆಯ ಸೆನ್ಸರ್‌ನ ಮೇಲೆ ಐನೂರು ಮೀಟರ್ ದೂರದಲ್ಲಿ 45 ಮೀಟರ್ ಅಗಲವನ್ನೂ, ಎಪಿಎಸ್-ಸಿ ಎಂಬ ಸಣ್ಣ ಸೆನ್ಸರ್‌ನ ಮೇಲೆ ಸುಮಾರು 30 ಮೀಟರನ್ನೂ ತುಂಬಿಕೊಳ್ಳುತ್ತದೆ. ಡಕೋಟಾದ ಉದ್ದ ಹತ್ತಿರ ಹತ್ತಿರ 20 ಮೀಟರ್ ಆದ್ದರಿಂದ ಸಣ್ಣ ಸೆನ್ಸರ್‌ನ ಕ್ಯಾಮೆರಾಗೆ ಅದು ಹೇಳಿ ಮಾಡಿಸಿದಂತಿದೆ. ಏಳು ಮೀಟರಿನ ಟೈಗರ್ ಮಾತ್‌ಗೆ 600 ಮಿ.ಮೀ. ಇದ್ದರೂ ಹೆಚ್ಚೆನಿಸುವುದಿಲ್ಲ. ಇಷ್ಟು ಉದ್ದದ ಲೆನ್ಸ್ ಕೊಳ್ಳಬೇಕಾಗಿಲ್ಲ, ನಗರದಲ್ಲಿ ದಿನದ ಬಾಡಿಗೆಗೆ ಸಿಗುತ್ತವೆ. ಪ್ರದರ್ಶನಕ್ಕೆ ಎರಡು ದಿನ ಮೊದಲೇ ತಂದು ಅದರ ಭಾರಕ್ಕೆ ತೋಳನ್ನು ಒಗ್ಗಿಸಿಕೊಳ್ಳಿ.

ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಸೂರ್ಯನನ್ನು ಕೇಳಬೇಕು. ಯಲಹಂಕದ ರನ್‌ವೇ ಪೂರ್ವ-ಪಶ್ಚಿಮವಾಗಿದೆ, ಫೆಬ್ರುವರಿಯಲ್ಲಿ ಸೂರ್ಯ ದಿನವಿಡೀ ದಕ್ಷಿಣದ ಕಡೆಗೆ ವಾಲಿರುತ್ತಾನೆ. ರನ್‌ವೇಯ ಉತ್ತರಕ್ಕೆ ನಿಂತವರಿಗೆ ನಡುಹಗಲಿನ ಎಲ್ಲ ಹಾರಾಟವೂ ಬೆಳಕಿಗೆ ಎದುರಾಗಿ ನೆರಳಿನ ಚಿತ್ರವಷ್ಟೇ ಸಿಗುತ್ತದೆ. ಅಂಥ ಜಾಗದಲ್ಲಿ ಬೆಳಿಗ್ಗೆ ಪೂರ್ವದ ಕಡೆಗೂ ಸಂಜೆ ಪಶ್ಚಿಮದ ಕಡೆಗೂ ಕ್ಯಾಮೆರಾ ತಿರುಗಿಸದೆ, ಬೆಳಕು ನಿಮ್ಮ ಬೆನ್ನ ಹಿಂದಿನಿಂದಲೋ ಹೆಗಲ ಮೇಲಿನಿಂದಲೋ ಬರುವ ಬದಿಯಲ್ಲಿ ವಿಮಾನ ತಿರುಗುವುದನ್ನು ಕಾಯಬೇಕು. ಹನ್ನೊಂದು ಗಂಟೆಯ ನಂತರ ರನ್‌ವೇಯಿಂದೇಳುವ ಬಿಸಿಗಾಳಿ ದೂರದ ವಿಮಾನದ ಅಂಚುಗಳನ್ನು ನೀರಿನಲ್ಲಿ ಕಂಡಂತೆ ನಡುಗಿಸುತ್ತದೆ. ಆಗ ದೂರದ ಚಿತ್ರಗಳ ಆಸೆ ಬಿಟ್ಟು ಹತ್ತಿರ ಬಂದಾಗ ಮಾತ್ರ ಗುಂಡಿ ಒತ್ತುವುದು ಲೇಸು. ವಿಮಾನ ಪ್ರೇಕ್ಷಕರ ಕಡೆಗೆ ಬೆನ್ನು ತೋರಿಸುತ್ತಾ ವಾಲಿ ತಿರುಗುವ ಕ್ಷಣವೇ ಎಲ್ಲಕ್ಕಿಂತ ಬೆಲೆಬಾಳುವಂಥದ್ದು. ರೆಕ್ಕೆಗಳ ಪೂರ್ತಿ ಆಕಾರ, ಮೇಲ್ಮೈಯ ಬಣ್ಣ, ಕಾಕ್‌ಪಿಟ್ಟಿನ ಗಾಜು ಎಲ್ಲವೂ ಆಗಲೇ ಒಟ್ಟಿಗೆ ಕಾಣುವುದು.

ಹಾರುವ ಮೊದಲಿನ ಹದಿನೈದು ನಿಮಿಷಗಳನ್ನು ಬಹಳ ಜನ ಕಳೆದುಕೊಳ್ಳುತ್ತಾರೆ. ಡಕೋಟಾದಂಥ ರೇಡಿಯಲ್ ಎಂಜಿನ್‌ನಲ್ಲಿ ಸಿಲಿಂಡರ್‌ಗಳು ಸುತ್ತಲೂ ಜೋಡಣೆಯಾಗಿರುವುದರಿಂದ, ನಿಂತಿದ್ದಾಗ ಎಣ್ಣೆ ಕೆಳಗಿನ ಸಿಲಿಂಡರ್‌ಗಳಿಗೆ ಇಳಿದು ತುಂಬಿಕೊಳ್ಳುತ್ತದೆ. ಹಾಗೆಯೇ ಚಾಲೂ ಮಾಡಿದರೆ ಎಂಜಿನ್ ಮುರಿಯಬಹುದೆಂದು ಸಿಬ್ಬಂದಿ ಮೊದಲು ಪ್ರೊಪೆಲ್ಲರನ್ನು ಕೈಯಿಂದ ಒಂದೊಂದೇ ಅಲಗಾಗಿ ತಳ್ಳಿ ತಿರುಗಿಸುತ್ತಾರೆ. ಒಬ್ಬರು ಅಲಗನ್ನು ಎರಡೂ ಅಂಗೈಗಳಿಂದ ಒತ್ತಿ ಮುಂದೆ ನಡೆದು, ಅದನ್ನು ಬಿಟ್ಟು, ಹಿಂದೆ ಬಂದ ಮುಂದಿನ ಅಲಗನ್ನು ಹಿಡಿಯುವ ಆ ದೃಶ್ಯ ಕಂಡರೆ ವಿಮಾನ ಸದ್ಯದಲ್ಲೇ ಹೊರಡಲಿದೆ ಎಂದು ತಿಳಿದು ಸಿದ್ಧರಾಗಬಹುದು. ಎಂಜಿನ್ ಹತ್ತಿಕೊಳ್ಳುವಾಗ ಉಳಿದ ಎಣ್ಣೆ ಸುಟ್ಟು ನೀಲಿ ಬೆರೆತ ಬಿಳಿಯ ಹೊಗೆ ಒಮ್ಮೆಲೇ ಉಕ್ಕುತ್ತದೆ. ಅದು ಇರುವುದು ಕೆಲವೇ ಸೆಕೆಂಡು. ಪ್ರೊಪೆಲ್ಲರ್ ಆಗಿನ್ನೂ ನಿಧಾನವಾಗಿರುವುದರಿಂದ 1/30 ಸೆಕೆಂಡಿಗೆ ಇಳಿದು ಆ ಹೊಗೆಯನ್ನು ಹಿಡಿಯಿರಿ. ವಿಮಾನ ನಿಂತಲ್ಲೇ ಇರುವುದರಿಂದ ಇದು ಕಷ್ಟವಲ್ಲ.

ಯಾವ ವಿಮಾನವನ್ನು ನೋಡುತ್ತಿದ್ದೇವೆ ಎಂದು ಮೊದಲೇ ತಿಳಿದಿದ್ದರೆ ಎಲ್ಲಿಗೆ ಫೋಕಸ್ ಮಾಡಬೇಕೆಂಬುದೂ ಗೊತ್ತಿರುತ್ತದೆ. ನಮ್ಮ ವಾಯುಪಡೆಯ ಡಕೋಟಾದ ಹೆಸರು ಪರಶುರಾಮ. ಬ್ರಿಟನ್ನಿನಲ್ಲಿ ದುರಸ್ತಿಗೊಂಡು 2018ರಲ್ಲಿ ಹಾರಿಕೊಂಡೇ ಭಾರತಕ್ಕೆ ಬಂದ ಅದನ್ನು ರಾಜೀವ್ ಚಂದ್ರಶೇಖರ್ ಅವರು, ಡಕೋಟಾ ಪೈಲಟ್ ಆಗಿದ್ದ ತಮ್ಮ ತಂದೆಯ ಗೌರವಾರ್ಥ ವಾಯುಪಡೆಗೆ ಕೊಟ್ಟರು. ಬಾಲದ ಬಳಿಯ ವಿಪಿ905 ಎಂಬ ಸಂಖ್ಯೆ 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಹೊತ್ತ ಡಕೋಟಾದ ನೆನಪಿಗೆ ಬರೆದದ್ದು. ಆ ಸಂಖ್ಯೆ ಓದಲು ಬಾರದ ಚಿತ್ರ ನನ್ನ ಮಟ್ಟಿಗೆ ಅಪೂರ್ಣ. ಹಳೆಯ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಪಾರಂಪರಿಕ ಕೇಂದ್ರದಲ್ಲಿ ಒಂದು ಬೆಳಿಗ್ಗೆ ಕಳೆದರೆ, ಅಲ್ಲಿ ನಿಂತಿರುವ ಮಾರುತ್‌ನಂಥ ವಿಮಾನಗಳ ಸುತ್ತ ನಡೆದು ಯಾವ ಕೋನದಿಂದ ಯಾವ ಭಾಗ ಮುಚ್ಚಿಹೋಗುತ್ತದೆ ಎಂದು ಕಣ್ಣಳತೆ ಮಾಡಿಕೊಳ್ಳಬಹುದು.

ಅನುಮತಿಯ ವಿಷಯದಲ್ಲಿ ಸಡಿಲ ಬೇಡ. ಯಲಹಂಕ ವಾಯುಪಡೆಯ ನೆಲೆ. ಪ್ರದರ್ಶನದ ದಿನಗಳಲ್ಲಿ ಟಿಕೆಟ್ ಪಡೆದು, ಎಡಿವಿಎ ಎಂದು ಕರೆಯುವ ವೀಕ್ಷಣಾ ಸ್ಥಳದಿಂದ ಚಿತ್ರ ತೆಗೆಯುವುದು ಒಂದು, ಉಳಿದ ದಿನಗಳಲ್ಲಿ ಬೇಲಿಯ ಹೊರಗೆ ಉದ್ದನೆಯ ಲೆನ್ಸ್ ಹಿಡಿದು ನಿಲ್ಲುವುದು ಇನ್ನೊಂದು, ಎರಡನೆಯದನ್ನು ಮಾಡಲೇಬಾರದು. ಜಕ್ಕೂರಿನ ವೈಮಾನಿಕ ತರಬೇತಿ ಶಾಲೆಯ ಸಣ್ಣ ವಿಮಾನಗಳ ಮೇಲೆ ಅಭ್ಯಾಸ ಮಾಡಬೇಕೆನಿಸಿದರೂ ಮೊದಲು ಅಲ್ಲಿನ ಕಚೇರಿಯಲ್ಲಿ ಕೇಳಿ, ಒಪ್ಪಿದರೆ ಮಾತ್ರ ಕ್ಯಾಮೆರಾ ಹೊರತೆಗೆಯಿರಿ. ಡ್ರೋನ್ ಹಾರಿಸುವ ಯೋಚನೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಮನೆಗೆ ಬಂದು ಚಿತ್ರಗಳನ್ನು ಆರಿಸುವಾಗ ಎದೆಗುಂದಬಾರದು. ನನಗೆ 1/125ರಲ್ಲಿ ಹತ್ತಕ್ಕೆ ಮೂರು ಚಿತ್ರ ನಿಚ್ಚಳವಾದರೆ ಅದು ಒಳ್ಳೆಯ ದಿನ, 1/60ರಲ್ಲಿ ಐವತ್ತಕ್ಕೆ ಒಂದು ಸಿಕ್ಕಿದ್ದೂ ಉಂಟು. ಅದಕ್ಕಾಗಿಯೇ ವಿಮಾನ ಮೊದಲ ಸುತ್ತು ಬಂದಾಗ 1/250ರಲ್ಲಿ ಕೆಲವು ಚಿತ್ರ ಭದ್ರ ಮಾಡಿಕೊಂಡು, ಎರಡನೆಯ ಸುತ್ತಿಗೆ 1/125ಕ್ಕೆ, ಕೊನೆಯ ಸುತ್ತಿಗೆ 1/60ಕ್ಕೆ ಇಳಿಯುತ್ತೇನೆ. ಪರದೆಯ ಮೇಲೆ ಚಿತ್ರವನ್ನು ಪೂರ್ತಿ ಹಿಗ್ಗಿಸಿ ಮೊದಲು ಬಾಲದ ಸಂಖ್ಯೆಯನ್ನು, ಆಮೇಲೆ ಮೂತಿಯನ್ನು ನೋಡಿ. ಬಾಲ ನಿಚ್ಚಳವಾಗಿದ್ದು ಮೂತಿ ಮಸುಕಾಗಿದ್ದರೆ, ವಿಮಾನ ನಿಮ್ಮೆದುರು ಹಾದುಹೋಗುವಾಗ ಅದರ ಕೋನ ಬದಲಾಗಿ ಒಂದು ತುದಿ ಇನ್ನೊಂದಕ್ಕಿಂತ ಬೇಗ ಸರಿದಿದೆ ಎಂದರ್ಥ. ಮುಂದಿನ ಸಲ ಫೋಕಸ್ ಬಿಂದುವನ್ನು ಕಾಕ್‌ಪಿಟ್ಟಿಗೆ ಇಡಿ. ಉಳಿಸಿಕೊಂಡ ಪ್ರತಿ ಚಿತ್ರದೊಂದಿಗೆ ದಿನಾಂಕ, ವಿಮಾನದ ಸಂಖ್ಯೆ, ನೀವು ನಿಂತ ಜಾಗ ಮತ್ತು ಹೊತ್ತನ್ನು ಬರೆದಿಟ್ಟುಕೊಳ್ಳಿ, ಎರಡು ವರ್ಷ ಕಳೆದು ಅದೇ ಜಾಗಕ್ಕೆ ಮರಳಿದಾಗ ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ಮತ್ತೆ ಹುಡುಕಬೇಕಾಗುವುದಿಲ್ಲ.