ನೆದರ್ಲ್ಯಾಂಡ್ಸ್‌ಗೆ ಮಕ್ಕಳನ್ನು ಕರಕೊಂಡು ಬರುವ ನಮ್ಮ ಕಡೆಯವರಿಗೆ: ಶಾಲೆ, ರಜೆ, ಸಚಿವಾಲಯ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಇಲ್ಲಿಗೆ ಹೊಸದಾಗಿ ಬಂದವರು ಶಾಲೆಯ ಮಾತು ಬಂದರೆ ಮೊದಲು ಕೇಳೋದು, “ಇಲ್ಲಿ ಬಿಇಒ ಆಫೀಸ್ ಎಲ್ಲಿ ಅದರೀ?” ಅಂತ. ಇಲ್ಲರೀ. ತಾಲ್ಲೂಕಿಗೊಬ್ಬ ಬಿಇಒ, ಜಿಲ್ಲೆಗೊಬ್ಬ ಡಿಡಿಪಿಐ, ಅವರ ಮೇಲೆ ಧಾರವಾಡದ ಅಪರ ಆಯುಕ್ತರು ಎಂಬ ವ್ಯವಸ್ಥೆ ಇಲ್ಲಿಲ್ಲ. ಪರಿಚಯದವರಿಂದ ಒಂದು ಫೋನು ಮಾಡಿಸುವ ಆಸೆಯನ್ನೂ ಅಲ್ಲೇ ಬಿಟ್ಟು ಬನ್ನಿ.

ಇರುವುದು ಹೇಗ್ ನಗರದ ಶಿಕ್ಷಣ, ಸಂಸ್ಕೃತಿ ಮತ್ತು ವಿಜ್ಞಾನ ಸಚಿವಾಲಯ. ಡಚ್ಚರ ಬಾಯಲ್ಲಿ ಅದು ‘ಓಸೇವೇ’. ನಮ್ಮಲ್ಲಿ ದೆಹಲಿಯ ಶಿಕ್ಷಣ ಸಚಿವಾಲಯ ಬೇರೆ, ವಿಜ್ಞಾನ-ತಂತ್ರಜ್ಞಾನದ್ದು ಬೇರೆ. ಇಲ್ಲಿ ಎರಡೂ ಒಂದೇ ಸೂರಿನಡಿ. 1918ರಲ್ಲಿ ಶುರುವಾದ ಈ ಸಚಿವಾಲಯಕ್ಕೆ ನೀವು ಒಮ್ಮೆಯೂ ಹೋಗಬೇಕಾಗಿ ಬರುವುದಿಲ್ಲ. ಕಾನೂನು, ಹಣ ಅದರದ್ದು. ಶಾಲೆ ನಡೆಸುವುದು ಆಯಾ ಶಾಲೆಯ ಆಡಳಿತ ಮಂಡಳಿ, ಮಕ್ಕಳ ಹಾಜರಾತಿಯ ಮೇಲೆ ಕಣ್ಣಿಡುವುದು ನಗರಾಡಳಿತ, ದೊಡ್ಡ ಮಕ್ಕಳ ಶಿಕ್ಷಣ ಸಾಲ ನೋಡಿಕೊಳ್ಳುವುದು ‘ಡ್ಯೂಓ’ ಎಂಬ ಸಂಸ್ಥೆ. ಯಾವ ಕೆಲಸಕ್ಕೆ ಯಾರು ಅನ್ನುವುದು ತಿಳಿದರೆ ಅರ್ಧ ಓಡಾಟ ಉಳಿಯಿತು.

ಊರು ಬಿಡುವ ಮೊದಲು ಮಕ್ಕಳ ಜನನ ಪ್ರಮಾಣಪತ್ರ ತೆಗೆದು ನೋಡಿ. ಎಷ್ಟೋ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ, ತೊಟ್ಟಿಲು ಕಾರ್ಯಕ್ಕಿಂತ ಮೊದಲೇ ಪತ್ರ ತಂದಿಟ್ಟಿರುತ್ತೀರಿ. ಪಾಲಿಕೆಯಲ್ಲೋ ಪಂಚಾಯಿತಿಯಲ್ಲೋ ಹೆಸರು ಸೇರಿಸಿ. ಅಡ್ಡಹೆಸರು (ಮನೆತನದ ಹೆಸರು) ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ಆಮೇಲೆ ರಾಜ್ಯ ಸರ್ಕಾರದ ದೃಢೀಕರಣ, ಅದರ ಮೇಲೆ ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಪತ್ರ ಪರದೇಶದಲ್ಲೂ ಸಲ್ಲುವಂತೆ ಹಾಕುವ ಮುದ್ರೆ. ಬಂದ ಐದು ದಿನದೊಳಗೆ ಇಲ್ಲಿನ ನಗರಾಡಳಿತದಲ್ಲಿ ಹೆಸರು ನೋಂದಾಯಿಸಬೇಕು, ಆಗ ಈ ಕಾಗದ ಬೇಕೇ ಬೇಕು. ಇಲ್ಲಿಂದ ಅದನ್ನು ಮಾಡಿಸುವುದೆಂದರೆ ಊರಲ್ಲಿರುವ ಮಾವನವರನ್ನು ಬೆಂಗಳೂರಿಗೆ ಓಡಾಡಿಸಬೇಕಾಗುತ್ತದೆ.

ಶಾಲೆ ಹುಡುಕುವಾಗ ಕ್ಯಾಥೊಲಿಕ್, ಪ್ರಾಟೆಸ್ಟಂಟ್, ಮಾಂಟೆಸರಿ ಎಂಬ ಹೆಸರು ಕಂಡು ಖಾಸಗಿ ಶಾಲೆ, ಡೊನೇಶನ್ ಎಂದು ಹೆದರಬೇಡಿ. 1917ರ ಸಂವಿಧಾನ ತಿದ್ದುಪಡಿಯಿಂದ ಧಾರ್ಮಿಕ ಶಾಲೆಗೂ ಸರ್ಕಾರಿ ಶಾಲೆಗೂ ಸಮನಾಗಿ ಸರ್ಕಾರದ ಹಣ. ಸುರಿನಾಮ್ ಮೂಲದ ಹಿಂದೂಗಳ ಶಾಲೆಗಳೂ ಇದೇ ಹಣದಲ್ಲಿ ನಡೆಯುತ್ತವೆ. ಪ್ರವಾಸ, ಹಬ್ಬದ ಖರ್ಚಿಗೆಂದು ಪಾಲಕರಿಂದ ಒಂದಿಷ್ಟು ವಂತಿಗೆ ಕೇಳುತ್ತಾರೆ, ಅದು ಕಡ್ಡಾಯವಲ್ಲ. ಕೊಡದಿದ್ದರೂ ಮಗುವನ್ನು ಯಾವ ಚಟುವಟಿಕೆಯಿಂದಲೂ ಹೊರಗಿಡುವಂತಿಲ್ಲ ಎಂದು 2021ರಿಂದ ಕಾನೂನೇ ಇದೆ. ಶಕ್ತಿ ಇದ್ದರೆ ಕೊಡಿ ಎಂಬುದು ನನ್ನ ಮಾತು.

ಈಗ ನಮ್ಮವರು ಹೆಚ್ಚು ತಾಪತ್ರಯ ಪಡುವ ವಿಷಯ: ರಜೆ. ಮಗು ನಾಲ್ಕಕ್ಕೆ ಶಾಲೆ ಸೇರಬಹುದು. ಐದು ತುಂಬಿದ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಹಾಜರಿ ಕಡ್ಡಾಯ. ಊರಲ್ಲಿ ತಮ್ಮನ ಲಗ್ನ, ಜಾತ್ರೆ ಎಂದರೆ ಮಾಸ್ತರಿಗೆ ಒಂದು ಮಾತು ಹೇಳಿ ಹದಿನೈದು ದಿನ ಹೋಗಿಬರುತ್ತಿದ್ದೆವು. ಇಲ್ಲಿ ಹಾಗೆ ಹೋದರೆ ಶಾಲೆ ನಗರಾಡಳಿತದ ಹಾಜರಾತಿ ಅಧಿಕಾರಿಗೆ ತಿಳಿಸಲೇಬೇಕು. ಅವರು ದಂಡ ಹಾಕಿಸುತ್ತಾರೆ, ಪ್ರತಿ ಮಗುವಿಗೂ, ದಿನದ ಲೆಕ್ಕದಲ್ಲಿ. ‘ಆ ವಾರ ಟಿಕೆಟ್ ಅಗ್ಗ ಇತ್ತು’ ಎಂಬುದು ಕಾರಣವೇ ಅಲ್ಲ.

ಹತ್ತಿರದವರ ಮದುವೆ, ಅಜ್ಜ-ಅಜ್ಜಿಯ ಗಂಭೀರ ಕಾಯಿಲೆ, ಸಾವು ಇವಕ್ಕೆ ರಜೆ ಸಿಗುತ್ತದೆ, ಆದರೆ ದಿನಗಳ ಲೆಕ್ಕದಲ್ಲಿ, ವಾರಗಳಲ್ಲಲ್ಲ. ಮದುವೆಗೆ ಪುರಾವೆ ಕೇಳುತ್ತಾರೆ. ಆದ್ದರಿಂದ ಹುಬ್ಬಳ್ಳಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಸುವಾಗ ಇಂಗ್ಲಿಷಿನಲ್ಲೂ ನಾಲ್ಕು ಮಾಡಿಸಲು ಹೇಳಿ. ‘ಆಗಮನಾಭಿಲಾಷಿಗಳು’ ಯಾರು ಎಂದು ಡಚ್ ಅಧಿಕಾರಿಗೆ ಬಿಡಿಸಿ ಹೇಳುವುದು ಕಷ್ಟ. ದೀಪಾವಳಿಗೆ ಒಂದು ದಿನ ಬಿಡುವು ಉಂಟು, ಎರಡು ದಿನ ಮುಂಚೆ ಶಾಲೆಗೆ ಬರೆದು ತಿಳಿಸಿದರಾಯಿತು.

ಬೇಸಿಗೆ ರಜೆ ಆರು ವಾರ. ಎಲ್ಲರೂ ಒಟ್ಟಿಗೆ ರಸ್ತೆಗಿಳಿಯದಿರಲೆಂದು ಸಚಿವಾಲಯ ದೇಶವನ್ನು ಉತ್ತರ, ಮಧ್ಯ, ದಕ್ಷಿಣ ಎಂದು ವಿಂಗಡಿಸಿ ಬೇರೆ ಬೇರೆ ತಾರೀಖು ಕೊಡುತ್ತದೆ. ಆಮ್ಸ್ಟರ್‌ಡ್ಯಾಮಿನ ಅಣ್ಣನೂ ಐಂಡ್‌ಹೋವನ್ನಿನ ತಂಗಿಯೂ ಒಂದೇ ವಿಮಾನದಲ್ಲಿ ಹೋಗುವ ಮೊದಲು ಇದನ್ನು ನೋಡಿಕೊಳ್ಳಬೇಕು. ಊರಿನ ಮದುವೆಗಳೆಲ್ಲ ಏಪ್ರಿಲ್-ಮೇ ತಿಂಗಳಲ್ಲಿ. ಇಲ್ಲಿ ಆಗ ಸಿಗುವುದು ಒಂದು ವಾರ, ಕೆಲವು ಶಾಲೆಗಳಲ್ಲಿ ಎರಡು. ದೊಡ್ಡ ರಜೆ ಬೀಳುವುದು ಜುಲೈ-ಆಗಸ್ಟಿನಲ್ಲಿ. ಮದುವೆ ತಪ್ಪಿದರೂ ನಾಗರ ಪಂಚಮಿ ಬಹುತೇಕ ಸಿಗುತ್ತದೆ. ಮಕ್ಕಳಿಗೆ ಉಂಡಿ, ಜೋಕಾಲಿ, ಧಾರವಾಡದ ಮಳೆ ಮೂರೂ ಒಟ್ಟಿಗೆ. ನನ್ನ ಕೇಳಿದರೆ ಇದೇ ಲಾಭ.

ಹನ್ನೆರಡನೇ ವಯಸ್ಸಿನ ಹೊತ್ತಿಗೆ ಮಕ್ಕಳನ್ನು ಮೂರು ದಾರಿಗೆ ಹಂಚುತ್ತಾರೆ: ನಾಲ್ಕು ವರ್ಷದ ವೃತ್ತಿಪರ ದಾರಿ, ಉನ್ನತ ವೃತ್ತಿ ಶಿಕ್ಷಣಕ್ಕೆ ಒಯ್ಯುವ ಐದು ವರ್ಷದ ಹಾವೊ, ವಿಶ್ವವಿದ್ಯಾಲಯಕ್ಕೆ ಒಯ್ಯುವ ಆರು ವರ್ಷದ ಫೇವೇಓ. ಪ್ರಾಥಮಿಕ ಶಾಲೆಯ ಕೊನೆಯ ವರ್ಷವಾದ ಎಂಟನೇ ಗುಂಪಿನ ಪರೀಕ್ಷೆಗಿಂತ ಮಾಸ್ತರರ ಅಭಿಪ್ರಾಯಕ್ಕೆ ತೂಕ ಹೆಚ್ಚು. ಟ್ಯೂಶನ್ನಿಗೆ ಓಡಬೇಡಿ, ಪಾಲಕರ ಸಭೆ ತಪ್ಪಿಸಬೇಡಿ.

ಸಂಶೋಧನೆಗೆ ಬರುವವರಿಗೆ ಎರಡು ಮಾತು. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವರ ಕಣ್ಣು ಇಲ್ಲಿನ ವಾಗೆನಿಂಗನ್ ವಿಶ್ವವಿದ್ಯಾಲಯದ ಮೇಲೆ ಇರುತ್ತದೆ. ಅದು ಬಹುಕಾಲ ಕೃಷಿ ಸಚಿವಾಲಯದ ಕೈಯಲ್ಲಿತ್ತು, ಈಗ ಓಸೇವೇಯದ್ದು. ಹುಬ್ಬಳ್ಳಿ ಕಿಮ್ಸ್‌ನಿಂದ ಬರುವ ಡಾಕ್ಟರುಗಳಿಗೆ ಮಾತ್ರ ಈ ಸಚಿವಾಲಯದಲ್ಲಿ ಕೆಲಸವಿಲ್ಲ, ನಿಮ್ಮ ನೋಂದಣಿ ಆರೋಗ್ಯ ಸಚಿವಾಲಯದ ಕೆಳಗೆ. ಇನ್ನು ಪಿಎಚ್‌ಡಿ ಇಲ್ಲಿ ಹೆಚ್ಚಾಗಿ ನೌಕರಿ: ಕರಾರು, ಸಂಬಳ, ತೆರಿಗೆ, ರಜೆ ಎಲ್ಲ ಉಂಟು. ಊರಲ್ಲಿ ಯಾರಾದರೂ “ಇನ್ನೂ ಓದಾಕತ್ತಾನೇನು?” ಎಂದರೆ, ಕೆಲಸಕ್ಕೆ ಹೋಗ್ತಾನ ಅನ್ನಿ.