ಅಕಾಡೆಮಿಯ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕೋದು ಹೇಗೆ?

ಕ್ಲಾಸಿನಲ್ಲಿ ಪ್ರತಿ ವರ್ಷ ಇದೇ ಪ್ರಶ್ನೆ: ‘ಸರ್, ಅಕಾಡೆಮಿ ಅಂದ್ರೆ ಕಾಲೇಜಾ?’ ಅಲ್ಲ. ಸಿ. ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ, ವಿಜ್ಞಾನಿಗಳ ಸಂಘ. ಹೊಸ ಫೆಲೋಗಳನ್ನು, ಅಂದ್ರೆ ಸಂಘದ ಸದಸ್ಯರನ್ನು, ಆರಿಸೋದು ಹಳೇ ಫೆಲೋಗಳೇ. ಅಲ್ಲಿ ನಮ್ಮ ಅರ್ಜಿ ನಡೆಯಲ್ಲ. ಅಕಾಡೆಮಿಯ ಆಡಳಿತ ಕೌನ್ಸಿಲ್ ಅನ್ನೋ ಮಂಡಳಿಯ ಕೈಯಲ್ಲಿ.

ವಿದ್ಯಾರ್ಥಿಗಳಿಗೆ ಇರೋದು ಬೇಸಿಗೆ ಫೆಲೋಶಿಪ್. ಬೆಂಗಳೂರು, ದೆಹಲಿ, ಪ್ರಯಾಗರಾಜ್‌ನ ಮೂರು ಅಕಾಡೆಮಿಗಳು ಸೇರಿ ನಡೆಸುತ್ತವೆ. ಎರಡು ತಿಂಗಳು ವಿಜ್ಞಾನಿಯೊಬ್ಬರ ಜೊತೆ ಕೆಲಸ.

ಅರ್ಜಿಯಲ್ಲಿ ನಿಮ್ಮ ಬರಹವೇ ಮುಖ್ಯ ಅಂತ ನನ್ನ ಅನಿಸಿಕೆ. ‘ಭೌತಶಾಸ್ತ್ರ ತುಂಬಾ ಇಷ್ಟ’ ಅಂತ ಸುಮ್ನೆ ಬರೆಯಬೇಡಿ. ನಮ್ಮ ಹುಡುಗಿಯೊಬ್ಬಳು ಲ್ಯಾಬಿನ ಲೋಲಕದ ಅಳತೆ ತನಗೆ ಯಾಕೆ ತಪ್ಪಿತು ಅಂತ ಬರೆದಿದ್ದಳು. ಅದು ಬರಹ! ಶಿಫಾರಸು ಪತ್ರಕ್ಕೆ ಮೇಷ್ಟ್ರನ್ನು ಕೊನೇ ದಿನ ಹಿಡಿಯಬೇಡಿ. ನನಗೊಮ್ಮೆ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ಮನೆಯಲ್ಲಿ ಕರೆಂಟೇ ಇರಲಿಲ್ಲ.