ಹಲ್ಲು ಉಳಿಯಬೇಕೆಂದರೆ ವಸಡಿನ ಚಿಕಿತ್ಸೆ ವರ್ಷಕ್ಕೆ ಎಷ್ಟು ಸಲ?

"ಡಾಕ್ಟ್ರೇ, ಕ್ಲೀನಿಂಗ್ ವರ್ಷಕ್ಕೆ ಎಷ್ಟು ಸಲ ಮಾಡಿಸಬೇಕು?" ಶಿರಸಿಯಲ್ಲಿ ವಸಡಿನ ಚಿಕಿತ್ಸೆ ಮಾಡುವ ನನಗೆ ದಿನಾ ಬರುವ ಪ್ರಶ್ನೆ ಇದು. ಆರು ತಿಂಗಳಿಗೊಮ್ಮೆ ಅಂತ ಎಲ್ಲರಿಗೂ ಒಂದೇ ಉತ್ತರ ಕೊಟ್ಟುಬಿಡಬಹುದು. ನಾನು ಕೊಡುವುದಿಲ್ಲ. ಮೊದಲು ವಸಡು ಅಳೆಯುತ್ತೇನೆ.

ಅಳೆಯಲು ಮಿಲಿಮೀಟರ್ ಗೆರೆ ಇರುವ ತೆಳ್ಳಗಿನ ಕಡ್ಡಿ ಇದೆ, ಪ್ರೋಬ್ ಅಂತ. ಹಲ್ಲು ಮತ್ತು ವಸಡಿನ ನಡುವಿನ ಸಂದಿಗೆ ಅದನ್ನು ಮೆಲ್ಲಗೆ ಇಳಿಸುತ್ತೇನೆ, ಒಂದೊಂದು ಹಲ್ಲಿಗೆ ಆರು ಕಡೆ. ನಾನು ಅಂಕಿ ಹೇಳುತ್ತಾ ಹೋಗುತ್ತೇನೆ, ಸಹಾಯಕಿ ಬರೆದುಕೊಳ್ಳುತ್ತಾರೆ. ಎರಡು, ಮೂರು, ಎರಡು ಅಂತ ಸಾಗಿದರೆ ಆ ವಸಡು ಚೆನ್ನಾಗಿದೆ. ದವಡೆ ಹಲ್ಲಿನ ಹತ್ತಿರ ಐದು, ಆರು ಬಂತು, ಕಡ್ಡಿ ತೆಗೆದ ಕೂಡಲೇ ರಕ್ತ ಜಿನುಗಿತು ಅಂದರೆ ಅಲ್ಲಿ ಪಾಕೆಟ್ ಆಗಿದೆ, ಅಂದರೆ ವಸಡು ಹಲ್ಲಿನಿಂದ ಬಿಟ್ಟುಕೊಂಡು ಆಳದ ಸಂದಿಯಾಗಿದೆ. ಅಷ್ಟು ಕೆಳಗೆ ಬ್ರಶ್ ಹೋಗುವುದಿಲ್ಲ. ಎಕ್ಸ್‌ರೇ ತೆಗೆದರೆ ಮೂಳೆ ಎಷ್ಟು ಕರಗಿದೆ ಅಂತಲೂ ಗೊತ್ತಾಗುತ್ತದೆ. ಹೋದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ. ಇರುವುದನ್ನು ಉಳಿಸಿಕೊಳ್ಳುವುದೇ ನಮ್ಮ ಕೆಲಸ.

ಪಾಕೆಟ್ ಇಲ್ಲ, ಶುಗರ್ ಇಲ್ಲ, ಬೀಡಿ ಸಿಗರೇಟು ಇಲ್ಲ, ಬ್ರಶ್ ಸರಿಯಾಗಿ ಮಾಡುತ್ತಾರೆ ಅಂದರೆ ವರ್ಷಕ್ಕೊಮ್ಮೆ ತೋರಿಸಿ ಹೋದರೆ ಸಾಕು ಅನ್ನುತ್ತೇನೆ. ವಸಡಿನ ಕಾಯಿಲೆ ಜೋರಾಗಿರದೆ, ದಂತವೈದ್ಯರ ಹತ್ತಿರ ಹೋಗಿಬರುತ್ತಿರುವ ದೊಡ್ಡವರಲ್ಲಿ ಆರು ತಿಂಗಳಿಗೊಮ್ಮೆ ಕ್ಲೀನ್ ಮಾಡಿಸಿದರೂ, ವರ್ಷಕ್ಕೊಮ್ಮೆ ಮಾಡಿಸಿದರೂ ಎರಡು ಮೂರು ವರ್ಷದಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ ಅಂತ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2018ರ ವಿಮರ್ಶೆ ಹೇಳಿದೆ.

ಕಾಯಿಲೆ ಬಂದವರ ಲೆಕ್ಕ ಬೇರೆ. ಅವರಿಗೆ ಮೊದಲು ಮರಗಟ್ಟುವ ಇಂಜೆಕ್ಷನ್ ಕೊಟ್ಟು ವಸಡಿನ ಕೆಳಗಿನವರೆಗೂ ಕ್ಲೀನ್ ಮಾಡುತ್ತೇನೆ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ಅಳೆಯುತ್ತೇನೆ. ಆಳ ಇಳಿಯದ ಕಡೆ ಕೆಲವೊಮ್ಮೆ ವಸಡು ಬಿಡಿಸಿ ಆಪರೇಷನ್ ಮಾಡಬೇಕಾಗುತ್ತದೆ. ಅಲ್ಲಿಂದ ಮುಂದೆ ಮೂರು ತಿಂಗಳಿಗೊಮ್ಮೆ ಕ್ಲೀನಿಂಗ್. ಎಷ್ಟು ಚೆನ್ನಾಗಿ ತೆಗೆದರೂ ಪಾಕೆಟ್ಟಿನ ಒಳಗೆ ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಮೂರು ತಿಂಗಳಲ್ಲಿ ಮತ್ತೆ ತಳವೂರುತ್ತವೆ.

ಇಲ್ಲೇ ಜನ ಬೇಸರ ಮಾಡಿಕೊಳ್ಳುವುದು. "ಹೋದ ಸಲವೇ ಪೂರ್ತಿ ಕ್ಲೀನ್ ಮಾಡಿದ್ರಲ್ಲ, ಮತ್ತೆ ಎಂತಕ್ಕೆ?" ಅಂತ ಹುಲೇಕಲ್ ಕಡೆಯ ಹೆಗಡೆಯವರೊಬ್ಬರು ಕೇಳಿದ್ದರು. "ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಒಂದೇ ಸಲ ಹೊಡೆಸಿ ಬಿಡ್ತೀರಾ ಹೆಗಡೇರೇ? ನಲವತ್ತು ನಲವತ್ತೈದು ದಿನಕ್ಕೆ ಕೊನೆಗೌಡ ಮತ್ತೆ ಮರ ಹತ್ತಲೇಬೇಕಲ್ಲ?" ಅಂದೆ. ಮುಂದಿನ ಸಲ ಅವರೇ ಫೋನ್ ಮಾಡಿ ಬಂದರು.

ತೋಟದವರಿಗೆ ನಾನು ತಾರೀಖು ಕೊಡುವುದಿಲ್ಲ. ಅಡಿಕೆ ಕೊಯ್ಯುವ, ಸುಲಿಯುವ ಗಡಿಬಿಡಿಯಲ್ಲಿ ಯಾರು ಪೇಟೆಗೆ ಬರುತ್ತಾರೆ? ಮಳೆ ಹಿಡಿಯುವ ಮೊದಲು ಒಂದು ಸಲ, ಚೌತಿ ಆಸುಪಾಸಿನಲ್ಲಿ ಒಂದು, ಕೊಯ್ಲು ಜೋರಾಗುವ ಮೊದಲು ಒಂದು, ಶಿವರಾತ್ರಿ ಹೊತ್ತಿಗೆ ಒಂದು. ಹೀಗೆ ಹೇಳಿದರೆ ನೆನಪೂ ಇರುತ್ತದೆ, ಬರುತ್ತಾರೆ ಕೂಡ. ಒಂದೆರಡು ವರ್ಷ ರಕ್ತ ಬರದೆ, ಅಂಕಿ ಏರದೆ ಇದ್ದರೆ ಆರು ತಿಂಗಳಿಗೆ ಬಿಡುತ್ತೇನೆ. ಸ್ವೀಡನ್ನಿನಲ್ಲಿ 1970ರ ದಶಕದ ಶುರುವಿನಲ್ಲಿ ಹೀಗೆ ಅವರವರ ಬಾಯಿ ನೋಡಿ ಕರೆಯುವ ಪದ್ಧತಿ ಮಾಡಿ ಮೂವತ್ತು ವರ್ಷ ಗಮನಿಸಿದ್ದರು. ಅಷ್ಟೂ ವರ್ಷದಲ್ಲಿ ಒಬ್ಬೊಬ್ಬರಿಗೆ ಹೋದದ್ದು ಸರಾಸರಿ ಎರಡಕ್ಕಿಂತ ಕಡಿಮೆ ಹಲ್ಲು. ಅವರಿಗೆ ಮನೆಯಲ್ಲಿ ಹಲ್ಲು ಉಜ್ಜುವ ಕ್ರಮವನ್ನೂ ಸರಿಯಾಗಿ ಕಲಿಸಿದ್ದರು ಅನ್ನುವುದನ್ನು ಮರೆಯಬಾರದು.

ಇನ್ನೊಂದು ಭಯ ಎಲ್ಲ ಕಡೆ ಇದೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದಂತೆ! ಈ ಮಾತು ಕೇಳಿದರೆ ನಾನು ಕನ್ನಡಿ ಕೊಟ್ಟು ಕೆಳಗಿನ ಮುಂದಿನ ಹಲ್ಲುಗಳ ಒಳಬದಿ ತೋರಿಸುತ್ತೇನೆ. ಅಲ್ಲಿ ಜೊಲ್ಲು ಜಾಸ್ತಿ, ಗಾರೆ, ಅಂದರೆ ಹಲ್ಲಿಗೆ ಅಂಟಿ ಕಲ್ಲಿನಂತೆ ಗಟ್ಟಿಯಾದ ಕೊಳೆ, ಬೇಗ ಕಟ್ಟುತ್ತದೆ. ಕವಳ (ಎಲೆ ಅಡಿಕೆ) ಹಾಕುವವರಲ್ಲಿ ಅದು ಕಪ್ಪಗೆ, ನಾಲ್ಕಾರು ಹಲ್ಲನ್ನೂ ಸೇರಿಸಿ ಒಂದೇ ಪಟ್ಟಿಯಾಗಿ ಕೂತಿರುತ್ತದೆ. ಅದನ್ನು ತೆಗೆದಾಗ ಸಂದಿ ಕಾಣುತ್ತದೆ, ನಾಲಿಗೆಗೆ ಖಾಲಿ ಅನಿಸುತ್ತದೆ, ಸ್ವಲ್ಪ ದಿನ ತಣ್ಣೀರು ಜುಮ್ ಅನ್ನುತ್ತದೆ. ಮೂಳೆ ಕರಗಿದ್ದು ಮೊದಲೇ. ಹಲ್ಲನ್ನು ಹಿಡಿದಂತೆ ಕಂಡ ಆ ಗಾರೆಯೇ ವಸಡನ್ನು ಕೆಡಿಸುತ್ತಿತ್ತು. ಇಷ್ಟು ವಿವರಿಸಲು ಐದು ನಿಮಿಷ ಬೇಕು, ಆ ಐದು ನಿಮಿಷ ಉಳಿಸಲು ಹೋಗಬಾರದು.

ಸಕ್ಕರೆ ಕಾಯಿಲೆಯವರು ಬಂದರೆ ಎಚ್‌ಬಿಎ1ಸಿ ರಿಪೋರ್ಟ್ ಕೇಳುತ್ತೇನೆ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ ಅದು. ಅದು ಶೇಕಡಾ 7 ದಾಟಿದ್ದರೆ ವಸಡು ಬೇಗ ಹಾಳಾಗುತ್ತದೆ, ವಸಡು ಕೆಟ್ಟರೆ ಶುಗರ್ ಹಿಡಿತಕ್ಕೆ ಬರುವುದೂ ಕಷ್ಟ. ಬೀಡಿ ಸಿಗರೇಟು ಸೇದುವವರಲ್ಲಿ ಇನ್ನೊಂದು ತೊಂದರೆ. ಅವರ ವಸಡಿನಲ್ಲಿ ಕಾಯಿಲೆ ಇದ್ದರೂ ರಕ್ತ ಕಮ್ಮಿ ಬರುತ್ತದೆ. ನೋವಿಲ್ಲ, ರಕ್ತವಿಲ್ಲ, ನನಗೇನಾಗಿದೆ ಅನ್ನುತ್ತಾರೆ. ಪಾಕೆಟ್ ಇರುವ ಇಂಥವರಿಗೆ ರಕ್ತ ಕಾಣದಿದ್ದರೂ ನಾನು ಮೂರು ತಿಂಗಳನ್ನು ಸಡಿಲ ಬಿಡುವುದಿಲ್ಲ.